ಬಾಲ ಆಡಿಸುತ್ತಿದ್ದ ಪಾಂಡು ಮಗುವಿನ ಕೆನ್ನೆಗೆ ಬಾಯಿ ಹಾಕಿದ್ದೇಕೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಸಣ್ಣ ಊರೊಂದರಲ್ಲಿರುವ ನಿವೃತ್ತ ಶಿಕ್ಷಕಿ. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ಜಗುಲಿಗೆ ಬಂದ ಬೀದಿನಾಯಿಯ ಮರಿಯನ್ನು ಸಾಕಿಕೊಂಡೆವು. ಹೆಸರು ಪಾಂಡು. ದಸರಾ ರಜೆಗೆ ಮಗ, ಸೊಸೆ ಮತ್ತು ಮೂರೂವರೆ ವರ್ಷದ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಮೊಮ್ಮಗಳು ಮಲಗಿದ್ದ ಪಾಂಡುವಿನ ಕೊರಳನ್ನು ತಬ್ಬಿಕೊಂಡಳು. ಅವನು ಬಾಲ ಆಡಿಸುತ್ತಲೇ ಇದ್ದ. ಯಾವ ಮುನ್ಸೂಚನೆಯೂ ಇಲ್ಲದೆ, ಗುರ್ ಎಂದೂ ಅನ್ನದೆ, ಇದ್ದಕ್ಕಿದ್ದಂತೆ ಅವಳ ಕೆನ್ನೆಗೆ ಬಾಯಿ ಹಾಕಿದ. ಹಲ್ಲು ತರಚಿ ಸ್ವಲ್ಪ ರಕ್ತ ಬಂತು. ಬೈದ ಕೂಡಲೇ ಮಂಚದ ಕೆಳಗೆ ನುಸುಳಿ ತಲೆ ತಗ್ಗಿಸಿ ಕುಳಿತ. ಮಾಡಿದ ತಪ್ಪು ಅವನಿಗೂ ಗೊತ್ತಾಗಿತ್ತು. ಹಿಂದೆ ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುವ ಚಾಳಿ ಇತ್ತು. ನಮ್ಮ ಯಜಮಾನರು ಕಳೆದ ವರ್ಷ ನಾಲ್ಕು ಪೆಟ್ಟು ಕೊಟ್ಟು ಬಿಡಿಸಿದ್ದರು. ಆಮೇಲೆ ಒಂದು ದಿನವೂ ಗುರ್ ಎಂದವನಲ್ಲ. ದೂರ ಎಲ್ಲಾದರೂ ಬಿಟ್ಟು ಬನ್ನಿ, ಇಲ್ಲವಾದರೆ ಮಗುವನ್ನು ಕರೆತರುವುದಿಲ್ಲ ಎಂದು ಮಗ ಹೇಳುತ್ತಾನೆ. ಸಲಿಗೆ ಕೊಟ್ಟು ಕೆಡಿಸಿದ್ದೀರಿ, ಮನೆಗೆ ಯಜಮಾನ ಯಾರೆಂದು ಅದಕ್ಕೆ ತೋರಿಸಿ ಎನ್ನುತ್ತಾರೆ ಪಕ್ಕದ ಮನೆಯವರು. ಇನ್ನು ಇವನನ್ನು ನಂಬಬಹುದೇ? ಸೊಸೆ ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೊ ಕಳುಹಿಸಿದ್ದೇನೆ.

ಉತ್ತರ: ನಾಯಿಯ ಮಾತಿಗೆ ಮೊದಲು ಮಗುವಿನ ಮಾತು. ಚುಚ್ಚುಮದ್ದಿನ ವಿಷಯ ಪತ್ರದಲ್ಲಿ ಇರಲಿಲ್ಲವಾದ್ದರಿಂದ ಅಂದೇ ಫೋನ್ ಮಾಡಿ ಕೇಳಿದೆ. ಗಾಯಕ್ಕೆ ಅರಿಶಿನ ಮೆತ್ತಿ, ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿದ್ದೀರಿ ಎಂದು ತಿಳಿಯಿತು. ಲಸಿಕೆ ಆರಂಭಿಸಿದ್ದು ಸರಿ, ಅರಿಶಿನ ತಪ್ಪು. ನಾಯಿಯ ಹಲ್ಲು ತಾಗಿದರೆ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಕಾಫಿ ಪುಡಿ, ಅರಿಶಿನ ಯಾವುದನ್ನೂ ಹಚ್ಚಬಾರದು. ಚರ್ಮ ಹರಿದು ರಕ್ತ ಬಂದಿದ್ದರೆ, ಅದರಲ್ಲೂ ಮುಖದ ಮೇಲೆ, ಲಸಿಕೆಯ ಜೊತೆಗೆ ಗಾಯದೊಳಗೆ ಮತ್ತು ಅದರ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ವೈರಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಕೊಡಬೇಕಾಗುತ್ತದೆ. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇರಲಿಲ್ಲವೆಂದು ಅರ್ಥ. ಆದರೆ ಆ ಹತ್ತು ದಿನ ನೋಡೋಣವೆಂದು ಲಸಿಕೆಯನ್ನು ತಡಮಾಡುವಂತಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಉಳಿದ ಡೋಸ್‌ಗಳ ವಿಷಯವನ್ನು ವೈದ್ಯರು ನಿರ್ಧರಿಸಲಿ, ನೀವಾಗಿ ನಿಲ್ಲಿಸಬೇಡಿ. ಪಾಂಡುವಿಗೆ ಕಳೆದ ವರ್ಷದ ರೇಬೀಸ್ ಲಸಿಕೆ ತಪ್ಪಿದೆ ಎಂದಿರಿ. ಹತ್ತು ದಿನದ ನಿಗಾ ಮುಗಿದ ಕೂಡಲೇ ಹಾಕಿಸಿ.

ಈಗ ವಿಡಿಯೊಗೆ ಬರುತ್ತೇನೆ. 38 ಸೆಕೆಂಡಿನ ಆ ತುಣುಕನ್ನು ಏಳು ಸಲ ನೋಡಿದೆ. ಮೊದಲೆರಡು ಸಲ ಶಬ್ದದೊಡನೆ, ಉಳಿದ ಐದು ಸಲ ಶಬ್ದ ನಿಲ್ಲಿಸಿ. ನೀವೂ ಹಾಗೆಯೇ ನೋಡಿ. ಶಬ್ದವಿದ್ದರೆ ನಿಮ್ಮೆಲ್ಲರ ನಗು ಕೇಳುತ್ತದೆ, ನಗು ಕೇಳಿದರೆ ಪಾಂಡುವೂ ಖುಷಿಯಾಗಿದ್ದಾನೆ ಎಂದೇ ಕಣ್ಣು ನಂಬುತ್ತದೆ. ಶಬ್ದ ನಿಲ್ಲಿಸಿದರೆ ಬೇರೆಯದೇ ದೃಶ್ಯ.

ಪಾಂಡು ಗೋಡೆ ಮತ್ತು ಮಂಚದ ನಡುವೆ ಗೋಣಿತಾಟಿನ ಮೇಲೆ ಮಲಗಿದ್ದಾನೆ. ಬಾಯಿ ಸಡಿಲವಾಗಿ ತೆರೆದಿದೆ, ನಾಲಿಗೆ ಹೊರಗಿದೆ. ಸೆಕೆಯ ಮಧ್ಯಾಹ್ನ ನೆಮ್ಮದಿಯಾಗಿ ಬಿದ್ದುಕೊಂಡಿರುವ ನಾಯಿ. ಮಗು ಎದುರಿನಿಂದ ನೇರವಾಗಿ ಹತ್ತಿರ ಬರುತ್ತಾಳೆ. ಮೂರನೆಯ ಸೆಕೆಂಡಿಗೆ ಅವನ ಬಾಯಿ ಮುಚ್ಚುತ್ತದೆ. ನನ್ನ ಲೆಕ್ಕದಲ್ಲಿ ಎಚ್ಚರಿಕೆ ಶುರುವಾಗಿದ್ದು ಇಲ್ಲಿ. ಆರನೆಯ ಸೆಕೆಂಡಿಗೆ ಕಿವಿಗಳು ಹಿಂದಕ್ಕೆ ಅಂಟಿಕೊಳ್ಳುತ್ತವೆ. ಒಂಬತ್ತರ ಹೊತ್ತಿಗೆ ನಾಲಿಗೆಯಿಂದ ಮೂಗನ್ನೊಮ್ಮೆ ಸವರಿಕೊಳ್ಳುತ್ತಾನೆ. ಎದುರಿಗೆ ತಿನ್ನುವುದೇನೂ ಇಲ್ಲ. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಾನೆ. ಹೀಗೆ ಮುಖ ತಿರುಗಿಸುವುದು, ಮೂಗು ನೆಕ್ಕಿಕೊಳ್ಳುವುದು, ಆಕಳಿಸುವುದು ಇವನ್ನೆಲ್ಲ ನಾರ್ವೆಯ ತರಬೇತುದಾರ್ತಿ ತೂರಿಡ್ ರೂಗಾಸ್ ‘ಶಾಂತಗೊಳಿಸುವ ಸಂಕೇತಗಳು’ ಎಂದು ಕರೆದರು. ನನಗೆ ಜಗಳ ಬೇಡ, ನೀನು ಸ್ವಲ್ಪ ಆಚೆ ಹೋಗು ಎಂಬಷ್ಟು ಅರ್ಥ. ಆದರೆ ಅದೇ ಕ್ಷಣದಲ್ಲಿ ಬಾಲದ ತುದಿ ನೆಲಕ್ಕೆ ಟಪ್ ಟಪ್ ಎಂದು ಬಡಿಯುತ್ತಿದೆ. ‘ನೋಡು, ಬಾಲ ಆಡಿಸುತ್ತಾನೆ, ಮುಟ್ಟು ಪುಟ್ಟಿ’ ಎಂದು ನೀವು ಹೇಳುವುದು ಇಲ್ಲಿ ಕೇಳಿಸುತ್ತದೆ.

ಹದಿನೇಳಕ್ಕೆ ಮಗು ಎರಡೂ ಕೈಗಳಿಂದ ಕೊರಳನ್ನು ಬಳಸುತ್ತಾಳೆ. ಪಾಂಡು ದೊಡ್ಡದಾಗಿ ಆಕಳಿಸುತ್ತಾನೆ. ಯಾರೋ ‘ನಿದ್ದೆ ಬಂತೇನೋ’ ಎನ್ನುತ್ತಾರೆ. ಅವನು ಏಳಲು ಒಮ್ಮೆ ಪ್ರಯತ್ನಿಸಿ, ಹಿಂಬದಿಯ ಎಡಗಾಲನ್ನು ಊರಲಾರದೆ ಮತ್ತೆ ಕುಸಿಯುತ್ತಾನೆ. ಈ ಕಾಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಇಪ್ಪತ್ತಾರಕ್ಕೆ ತಲೆ ಗೋಡೆಯ ಕಡೆಗೇ ಇದೆ, ಆದರೆ ಕಣ್ಣು ಮಾತ್ರ ಹೊರಳಿ ಮಗುವಿನ ಮೇಲೆ ನೆಟ್ಟಿದೆ. ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ಮೂವತ್ತೊಂದಕ್ಕೆ ಬಾಲ ನಿಲ್ಲುತ್ತದೆ. ಬಾಲವಷ್ಟೇ ಅಲ್ಲ, ಇಡೀ ಮೈ ಮರಗಟ್ಟುತ್ತದೆ, ಉಸಿರು ಕೂಡ ನಿಂತಂತೆ ಕಾಣುತ್ತದೆ. ಎರಡು ಸೆಕೆಂಡ್ ಅಷ್ಟೇ. ಮೂವತ್ಮೂರಕ್ಕೆ ಬಾಯಿ ಹಾಕುತ್ತಾನೆ.

ಮುನ್ಸೂಚನೆಯೇ ಇರಲಿಲ್ಲ ಎಂದು ಬರೆದಿದ್ದೀರಿ. ಮೂವತ್ತು ಸೆಕೆಂಡಿನಲ್ಲಿ ಆ ನಾಯಿ ಎಂಟು ಸಲ ಬೇಡ ಎಂದಿದೆ. ನಿಮ್ಮನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬಾಗಲಕೋಟೆಯ ಕಡೆ, ಒಂದು ಮುಧೋಳ ನಾಯಿಯ ಕಿವಿ ನೋಡಲು ಬಗ್ಗಿದ್ದೆ. ‘ಏನೂ ಮಾಡುವುದಿಲ್ಲ ಡಾಕ್ಟರೇ, ನೋಡಿ ಎಷ್ಟು ಸುಮ್ಮನೆ ನಿಂತಿದೆ’ ಎಂದರು ಸಾಕಿದವರು. ಸುಮ್ಮನೆ ನಿಂತಿದ್ದಲ್ಲ, ಮರಗಟ್ಟಿ ನಿಂತಿತ್ತು. ಆ ವ್ಯತ್ಯಾಸ ಪದವಿ ಪಡೆದ ನನಗೂ ಅಂದು ತಿಳಿಯಲಿಲ್ಲ. ಎಡಗೈ ಹೆಬ್ಬೆರಳಿನ ಮೇಲೆ ಗುರುತು ಇನ್ನೂ ಇದೆ.

ಬಾಲದ ಬಗ್ಗೆ ಇರುವಷ್ಟು ತಪ್ಪು ನಂಬಿಕೆ ನಾಯಿಯ ಬೇರಾವ ಅಂಗದ ಬಗ್ಗೆಯೂ ಇಲ್ಲ. ಬಾಲ ಆಡಿದರೆ ನಾಯಿಯ ಮನಸ್ಸು ಕದಲಿದೆ ಎಂದಷ್ಟೇ ತಿಳಿಯಬೇಕು. ಯಾವ ಕಡೆಗೆ ಕದಲಿದೆ ಎನ್ನುವುದನ್ನು ಉಳಿದ ಮೈ ಹೇಳಬೇಕು. ನಿಮ್ಮ ಯಜಮಾನರು ಸಂಜೆ ಗೇಟು ತೆರೆದಾಗ ಪಾಂಡು ಹೇಗೆ ಬರುತ್ತಾನೆ ನೆನಪಿಸಿಕೊಳ್ಳಿ: ಬಾಲದ ಜೊತೆ ಸೊಂಟವೂ ಬಳುಕುತ್ತದೆ, ಬಾಯಿ ತೆರೆದಿರುತ್ತದೆ, ಕಣ್ಣು ಕಿರಿದಾಗಿರುತ್ತದೆ. ಅದು ಸಂತೋಷ. ಬಾಲ ಕಂಬಿಯ ಹಾಗೆ ಮೇಲೆ ನಿಂತು ತುದಿ ಮಾತ್ರ ಬಿರುಸಾಗಿ ಕಂಪಿಸುತ್ತಿದ್ದರೆ ಆ ನಾಯಿಯ ಹತ್ತಿರ ಹೋಗಬೇಡಿ. ಬಾಲ ತಗ್ಗಿಸಿ ತುದಿಯನ್ನಷ್ಟೇ ಆಡಿಸುವುದು ಹೆಚ್ಚಾಗಿ ಅಳುಕಿನ ಲಕ್ಷಣ. ವಿಡಿಯೊದಲ್ಲಿ ಪಾಂಡು ಮಾಡಿದ್ದು ಅದನ್ನೇ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳ ಬಾಲದ ಚಲನೆಯನ್ನು ಕ್ಯಾಮೆರಾದಿಂದ ಅಳೆದಿದ್ದರು. ಸಾಕಿದವರನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲುತ್ತಿತ್ತು, ಅಪರಿಚಿತ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ಮನೆಯಲ್ಲಿ ಕೋನಮಾಪಕ ಹಿಡಿದು ನಿಲ್ಲುವ ಅಗತ್ಯವಿಲ್ಲ. ಬಾಲಕ್ಕೆ ಒಂದೇ ಅರ್ಥವಿಲ್ಲ ಎಂಬುದಕ್ಕೆ ಹೇಳಿದೆ.

ತಳಿಯನ್ನೂ ಗಮನಿಸಬೇಕು. ನಮ್ಮ ನಾಟಿ ನಾಯಿಯ ಬಾಲ ಕುಡುಗೋಲಿನ ಹಾಗೆ ಮೇಲಕ್ಕೆ ಬಾಗಿರುವುದೇ ಸಹಜ, ಅದು ಸೊಕ್ಕಲ್ಲ. ಮುಧೋಳದ ತೆಳುವಾದ ಬಾಲ ಕೆಳಗೆ ಇಳಿಬಿದ್ದಿರುವುದು ಸಹಜ, ಅದು ಹೆದರಿಕೆಯಲ್ಲ. ಪಗ್ ನಾಯಿಗಂತೂ ಮೂತಿ ಚಪ್ಪಟೆ, ಬಾಲ ಸುರುಳಿ, ಕಣ್ಣಿನ ಬಿಳಿ ಸದಾ ಕಾಣುತ್ತದೆ. ಪಾಪ, ಅದರ ಅರ್ಧ ಅಕ್ಷರಮಾಲೆಯನ್ನೇ ನಾವು ಅಳಿಸಿ ಹಾಕಿದ್ದೇವೆ. ಆದ್ದರಿಂದ ನಿಮ್ಮ ನಾಯಿ ನೆಮ್ಮದಿಯಲ್ಲಿರುವಾಗ ಹೇಗಿರುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ಆಮೇಲೆ ಏನು ಬದಲಾಯಿತು ನೋಡಿ.

ಮಂಚದ ಕೆಳಗೆ ತಲೆ ತಗ್ಗಿಸಿ ಕುಳಿತದ್ದು ಪಶ್ಚಾತ್ತಾಪವಲ್ಲ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ನಾಯಿಗಳಿಗೆ ತಿನಿಸು ಮುಟ್ಟಬೇಡ ಎಂದು ಹೇಳಿ ಸಾಕಿದವರು ಹೊರಗೆ ಹೋಗುತ್ತಿದ್ದರು. ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವೊಮ್ಮೆ ನಿಜವಾಗಿ, ಕೆಲವೊಮ್ಮೆ ಸುಳ್ಳಾಗಿ ತಿಳಿಸಲಾಗುತ್ತಿತ್ತು. ‘ತಪ್ಪಿತಸ್ಥ ಮುಖ’ ಕಾಣಿಸಿದ್ದು ಬೈಸಿಕೊಂಡ ನಾಯಿಗಳಲ್ಲಿ, ತಿಂದಿರಲಿ ಬಿಡಲಿ. ತಿನ್ನದೆಯೇ ಬೈಸಿಕೊಂಡವುಗಳ ಮುಖದಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಪಾಂಡು ನಿಮ್ಮ ಸಿಟ್ಟಿಗೆ ಹೆದರಿ ಮುದುರಿದ. ‘ಗೊತ್ತಿದ್ದೂ ಮಾಡಿದ’ ಎಂಬ ತೀರ್ಮಾನಕ್ಕೆ ಅದು ಆಧಾರವಾಗದು.

ಪಕ್ಕದ ಮನೆಯವರ ಯಜಮಾನಿಕೆಯ ಸಿದ್ಧಾಂತಕ್ಕೂ ಒಂದು ಚರಿತ್ರೆ ಇದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ, ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲುಗೈಗಾಗಿ ಕಾದಾಟ ನಡೆಯುತ್ತದೆ ಎಂದು ಬರೆದರು. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಜನಪ್ರಿಯಗೊಳಿಸಿದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮೇಲೆ 1999ರಲ್ಲಿ ಅದೇ ಮೀಚ್, ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಎಂದು ತಿದ್ದಿಕೊಂಡರು. ವಿಜ್ಞಾನಿ ತಿದ್ದಿಕೊಂಡರೂ ಸಿದ್ಧಾಂತ ಮಾತ್ರ ನಮ್ಮ ಓಣಿಗಳಲ್ಲಿ ಇನ್ನೂ ಓಡಾಡುತ್ತಿದೆ. ಪಾಂಡುವಿಗೆ ನಿಮ್ಮ ಮನೆಯ ಯಜಮಾನಿಕೆ ಬೇಕಾಗಿಲ್ಲ. ಅವನಿಗೆ ಬೇಕಾಗಿದ್ದದ್ದು ಗೋಡೆ ಮತ್ತು ಮಂಚದ ನಡುವಿನಿಂದ ಎದ್ದುಹೋಗಲು ಎರಡಡಿ ದಾರಿ.

ಇನ್ನು, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ವಾಕ್ಯ: ‘ಆಮೇಲೆ ಒಂದು ದಿನವೂ ಗುರ್ ಎಂದವನಲ್ಲ.’ ನೀವು ಅದನ್ನು ಒಳ್ಳೆಯ ಗುಣವೆಂದು ಬರೆದಿದ್ದೀರಿ. ನಾಯಿ ಕಚ್ಚುವ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ದೂರ ಸರಿಯಲು ನೋಡುತ್ತದೆ, ಮರಗಟ್ಟುತ್ತದೆ, ಗುರ್ ಎನ್ನುತ್ತದೆ, ಹಲ್ಲು ಕಿರಿಯುತ್ತದೆ, ಕೊನೆಗೆ ಬಾಯಿ ಹಾಕುತ್ತದೆ. ಇಷ್ಟರಲ್ಲಿ ನಮ್ಮಂಥ ಮಂದದೃಷ್ಟಿಯ ಮನುಷ್ಯರಿಗೂ ತಪ್ಪದೆ ತಿಳಿಯುವ ಮೆಟ್ಟಿಲು ಗುರ್ ಎನ್ನುವುದೊಂದೇ. ಪೆಟ್ಟು ತಿಂದ ಪಾಂಡು ಕಲಿತದ್ದು ತಟ್ಟೆಯ ಹತ್ತಿರ ಜನ ಬಂದರೆ ಒಳ್ಳೆಯದು ಎಂದಲ್ಲ, ಬಾಯಿಬಿಟ್ಟರೆ ಪೆಟ್ಟು ಎಂದು. ಹೆದರಿಕೆ ಒಳಗೆ ಹಾಗೆಯೇ ಉಳಿಯಿತು, ಗಂಟೆಯ ನಾಲಿಗೆ ಮಾತ್ರ ಕಳಚಿತು. ನನ್ನ ಹೆಬ್ಬೆರಳು ಕಚ್ಚಿದ ಮುಧೋಳವೂ ಗುರ್ ಎಂದಾಗಲೆಲ್ಲ ಕೋಲಿನ ಏಟು ತಿಂದಿತ್ತು ಎಂದು ಆಮೇಲೆ ತಿಳಿಯಿತು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರೆ. ಬೊಗಳುವ ನಾಯಿಯೂ ಕಚ್ಚಬಹುದು, ಆದರೆ ಹೇಳಿ ಕಚ್ಚುತ್ತದೆ. ಹೇಳದಂತೆ ಬಾಯಿ ಕಟ್ಟಿದ ನಾಯಿಯ ಬಗ್ಗೆಯೇ ನನಗೆ ಭಯ ಹೆಚ್ಚು. ನಿಮ್ಮ ಯಜಮಾನರು ಕೆಟ್ಟ ಉದ್ದೇಶದಿಂದ ಹೊಡೆಯಲಿಲ್ಲ ಎಂದು ಬಲ್ಲೆ. ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ನಾನೂ ಅದೇ ಸಲಹೆ ಕೊಡುತ್ತಿದ್ದೆನೇನೋ.

ಇದರ ಮೇಲೆ ಆ ವಾರದ ಭಾರ ಸೇರಿತು. ನಾಲ್ಕು ದಿನದಿಂದ ಮನೆ ತುಂಬ ಜನ, ಟಿವಿ ಸದ್ದು, ತಪ್ಪಿದ ನಡಿಗೆ, ತಪ್ಪಿದ ಮಧ್ಯಾಹ್ನದ ನಿದ್ದೆ. ಒಂದೊಂದೇ ಚೊಂಬು ನೀರು ಬಿದ್ದ ಕೊಡ ಕೊನೆಯ ಚೊಂಬಿಗೆ ಉಕ್ಕುತ್ತದೆ. ತಬ್ಬಿಕೊಳ್ಳುವುದು ನಮಗೆ ಪ್ರೀತಿ. ಕೊರಳಿನ ಮೇಲೆ ತೋಳು ಬಿದ್ದು ಮುಖಕ್ಕೆ ಮುಖ ತಾಗಿದರೆ ಬಹಳಷ್ಟು ನಾಯಿಗಳಿಗೆ ಅದು ಹಿಡಿದುಹಾಕಿದ ಹಾಗೆ. ಕೆಲವು ನಾಯಿಗಳು ಸಾಕಿದವರಿಂದ ಸಹಿಸಿಕೊಳ್ಳುತ್ತವೆ, ಸಹಿಸುವುದನ್ನು ನಾವು ಇಷ್ಟವೆಂದುಕೊಳ್ಳುತ್ತೇವೆ. ಚಿಕ್ಕ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ, ಗಾಯ ಹೆಚ್ಚಾಗಿ ಮುಖದ ಮೇಲೆಯೇ. ಮಗುವಿನ ಮುಖ ನಾಯಿಯ ಮುಖದ ಎತ್ತರಕ್ಕೇ ಇರುತ್ತದಲ್ಲ.

ಆ ಎಡಗಾಲು. ನಾಲ್ಕು ವರ್ಷದ ನಾಯಿ ಹಾಗೆ ಏಳಬಾರದು. ಸೊಂಟದ ಕೀಲಿನ ತೊಂದರೆ, ಮೊಣಕಾಲಿನ ಅಸ್ಥಿರಜ್ಜು ಹರಿದಿರುವುದು, ರಕ್ತ ಹೀರುವ ಉಣ್ಣೆಹುಳುವಿನಿಂದ ಹರಡುವ ಜ್ವರದಲ್ಲಿ ಬರುವ ಕೀಲುನೋವು, ಇವುಗಳಲ್ಲಿ ಯಾವುದಾದರೂ ಇರಬಹುದು. ವಿಡಿಯೊ ನೋಡಿ ರೋಗ ಹೇಳುವಷ್ಟು ಧೈರ್ಯ ನನಗಿಲ್ಲ. ಇದ್ದಕ್ಕಿದ್ದಂತೆ ಮುನಿಯಲು ಆರಂಭಿಸಿದ ನಾಯಿಯನ್ನು ಕರೆತಂದರೆ ನಾನು ಮೊದಲು ನೋವನ್ನೇ ಹುಡುಕುತ್ತೇನೆ, ಎಷ್ಟೋ ಸಲ ಸಿಗುತ್ತದೆ ಕೂಡ. ಮಗು ಅವನ ಮೈಮೇಲೆ ಒರಗಿದಾಗ ಆ ಸೊಂಟಕ್ಕೆ ಏನಾಗಿರಬಹುದು ಯೋಚಿಸಿ. ಎಕ್ಸ್‌ರೇ, ರಕ್ತಪರೀಕ್ಷೆ, ಕಿವಿ ಮತ್ತು ಹಲ್ಲಿನ ತಪಾಸಣೆ ಈ ವಾರವೇ ಆಗಲಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಲ್ಲದು.

ಏನು ಮಾಡಬೇಕು ಎಂಬ ಪ್ರಶ್ನೆಗೆ ಈಗ ಬರೋಣ. ಮಗ ಹೇಳಿದಂತೆ ದೂರ ಬಿಟ್ಟು ಬರುವುದನ್ನು ನಾನು ಒಪ್ಪುವುದಿಲ್ಲ. ಹಸಿವು ನೀರಡಿಕೆಗೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮಿಗಿಲಾಗಿ, ಹೆದರಿದ, ನೋವಿರುವ, ಗುರ್ ಎನ್ನಲು ಮರೆತ ನಾಯಿಯನ್ನು ಬೇರೆ ಯಾರದೋ ಮಕ್ಕಳು ಆಡುವ ಬೀದಿಗೆ ಬಿಟ್ಟಂತಾಗುತ್ತದೆ. ಮಕ್ಕಳಿಲ್ಲದ ಮನೆಯೊಂದಕ್ಕೆ ನಡೆದದ್ದನ್ನು ಮುಚ್ಚಿಡದೆ ಹೇಳಿ ಕೊಡುವುದು ಬೇರೆ ಮಾತು. ಅಂಥ ಮನೆ ಸಿಕ್ಕರೆ ಅದು ಗೌರವದ ದಾರಿಯೇ, ಆದರೆ ಸಿಗುವುದು ಕಷ್ಟ. ಸರಪಳಿಯಲ್ಲಿ ಕಟ್ಟಿಹಾಕುವುದು ಸುಲಭವೆಂದು ತೋರಬಹುದು. ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇರುವುದಿಲ್ಲ, ಉಳಿಯುವುದು ಹಲ್ಲು ಮಾತ್ರ. ಹೊಡೆದು ಸರಿಪಡಿಸುತ್ತೇನೆ, ಕರೆಂಟ್ ಬೆಲ್ಟ್ ಹಾಕುತ್ತೇನೆ ಎನ್ನುವ ತರಬೇತುದಾರರನ್ನು ಗೇಟಿನಿಂದಲೇ ಕಳುಹಿಸಿ. ಕೊಲ್ಲಿಸಬೇಕೇ ಎಂದು ಫೋನಿನಲ್ಲಿ ಮೆಲ್ಲಗೆ ಕೇಳಿದಿರಿ. ಈ ಪ್ರಕರಣಕ್ಕೆ ಅದು ಬೇಕಾಗಿಲ್ಲ. ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಕಡಿತವನ್ನು ಆರು ಹಂತಗಳಲ್ಲಿ ಅಳೆಯುತ್ತಾರೆ. ಹಲ್ಲು ತಾಗಿ ಚರ್ಮ ತರಚಿದ್ದು, ಒಳಗೆ ಇಳಿಯದೆ ಇದ್ದದ್ದು ಎರಡನೆಯ ಹಂತ. ಬೇಕೆಂದಿದ್ದರೆ ಪಾಂಡು ಆ ಕೆನ್ನೆಗೆ ಇನ್ನೂ ಏನೇನೋ ಮಾಡಬಹುದಿತ್ತು, ತಡೆದುಕೊಂಡ.

ನನ್ನ ಸಲಹೆ, ಇಟ್ಟುಕೊಳ್ಳಿ, ಆದರೆ ಬಾಗಿಲಿನ ಶಿಸ್ತಿನೊಡನೆ. ಮೊಮ್ಮಗಳು ಮನೆಯಲ್ಲಿರುವಾಗ ಇಬ್ಬರ ನಡುವೆ ಮುಚ್ಚಿದ ಬಾಗಿಲೋ ಗಟ್ಟಿಯಾದ ಅಡ್ಡಗೇಟೋ ಇರಲೇಬೇಕು. ನೋಡಿಕೊಳ್ಳುತ್ತಿರುತ್ತೇವೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅಂದು ನಾಲ್ವರು ದೊಡ್ಡವರು ನೋಡುತ್ತಲೇ ಇದ್ದಿರಿ. ಈ ದಾರಿಯ ಅಪಾಯವನ್ನೂ ಹೇಳಿಬಿಡುತ್ತೇನೆ: ಹಾಲಿನವನು ಬಂದಾಗ ಒಂದು ದಿನ ಯಾರೋ ಬಾಗಿಲು ಮರೆಯುತ್ತಾರೆ. ಅದಕ್ಕಾಗಿ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ಅಭ್ಯಾಸ ಮಾಡಿಸಿ. ಹಿಂದೆ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಿದ್ದರಲ್ಲ, ಅದರ ತಮ್ಮ. ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಬರಬೇಕು. ಬಾಯನ್ನು ಬಿಗಿಯುವ ಬಟ್ಟೆಯ ಪಟ್ಟಿ ಬೇಡ. ಮೊದಲ ವಾರ ಅದರೊಳಗೆ ಮೊಸರನ್ನ ಸವರಿ ನೆಕ್ಕಿಸಿ, ಪಟ್ಟಿ ಕಟ್ಟುವ ಆತುರ ಬೇಡ.

ತಟ್ಟೆಯ ವಿಷಯದಲ್ಲಿ ಪೆಟ್ಟು ಕೊಟ್ಟ ಕೈಯೇ ಲೆಕ್ಕ ಸರಿಪಡಿಸಲಿ. ಪಾಂಡು ಉಣ್ಣುವಾಗ ನಿಮ್ಮ ಯಜಮಾನರು ದೂರದಿಂದಲೇ ಒಂದು ತುಂಡು ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ಎಸೆದು, ನಿಲ್ಲದೆ ಮುಂದಕ್ಕೆ ಹೋಗಲಿ. ತಟ್ಟೆಗೆ ಕೈ ಹಾಕುವುದು ಬೇಡ. ಕೆಲವು ವಾರಗಳಲ್ಲಿ ಇವರ ಹೆಜ್ಜೆ ಸಪ್ಪಳಕ್ಕೆ ಅವನು ತಲೆ ಎತ್ತಿ ಬಾಯಿ ಸಡಿಲಿಸಿದರೆ ದಾರಿ ಸರಿಯಾಗಿದೆ ಎಂದರ್ಥ. ಮನೆಯವರೆಲ್ಲ ಇನ್ನೊಂದು ರೂಢಿ ಮಾಡಿಕೊಳ್ಳಿ. ಮಲಗಿದ ನಾಯಿಯ ಬಳಿಗೆ ನೀವು ಹೋಗಬೇಡಿ, ಕರೆದಾಗ ಅವನೇ ಬರಲಿ. ಬಂದರೆ ಎದೆಯ ಭಾಗವನ್ನು ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಮತ್ತೆ ಮೂತಿ ತೂರಿಸಿದರೆ ಸವರಿ. ಮುಖ ತಿರುಗಿಸಿದರೆ, ಮೈ ಕೊಡವಿ ಹೊರಟರೆ, ಅಷ್ಟಕ್ಕೆ ಬಿಡಿ. ಮೂರೂವರೆ ವರ್ಷದ ಮಗು ಇದನ್ನು ನೆನಪಿಟ್ಟುಕೊಳ್ಳಬೇಕೆಂದು ನಿರೀಕ್ಷಿಸಬೇಡಿ, ಅದು ದೊಡ್ಡವರ ಕೆಲಸ.

ಮೊಮ್ಮಗಳನ್ನು ದೀಪಾವಳಿಗೆ ಕರೆಸಬೇಕೆಂದಿದ್ದೀರಿ. ಈ ಸಲ ಬೇಡ. ನೋವಿನ ಚಿಕಿತ್ಸೆ ಆಗಷ್ಟೇ ಆರಂಭವಾಗಿರುತ್ತದೆ, ಮೇಲೆ ಪಟಾಕಿ. ನಿಮ್ಮಲ್ಲಿ ಒಬ್ಬರು ಬೆಂಗಳೂರಿಗೆ ಹೋಗಿ ಬನ್ನಿ, ಇನ್ನೊಬ್ಬರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಾಂಡುವಿನ ಜೊತೆ ಇರಲಿ.

ಎಕ್ಸ್‌ರೇ ಆದ ಮೇಲೆ ಅದರ ಪ್ರತಿಯನ್ನೂ, ಅವನು ಮಲಗಿದಲ್ಲಿಂದ ಎದ್ದು ನಡೆಯುವ ಒಂದು ವಿಡಿಯೊವನ್ನೂ ಕಳುಹಿಸಿ. ನೆಲಕ್ಕೆ ಕುಳಿತು, ಪಕ್ಕದಿಂದ ತೆಗೆಯಿರಿ. ಅಷ್ಟರೊಳಗೆ ಪಾಂಡು ಎಂದಾದರೂ ಗುರ್ ಎಂದರೆ ಬೈಯದೆ ಒಂದು ಹೆಜ್ಜೆ ಹಿಂದೆ ಸರಿದು, ಯಾರಿಗೆ, ಎಷ್ಟು ದೂರದಲ್ಲಿದ್ದಾಗ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಪುಟದ ಫೋಟೊ ನನಗೆ ಎಕ್ಸ್‌ರೇಯಷ್ಟೇ ಉಪಯೋಗಕ್ಕೆ ಬರುತ್ತದೆ.